ಸುನೌಲಿ ಗಡಿ ದಾಟುವವರು ಓದಿ

ನೇಪಾಳಕ್ಕೆ ಹೊರಡುವ ಮೂರೂ ಗಾಡಿಯವರು ಇದನ್ನು ಪೂರ್ತಿ ಓದಿ, ಸುಮ್ನೆ ಹೆಬ್ಬೆಟ್ಟಿನ ಇಮೋಜಿ ಒತ್ತಿ ಮುಂದೆ ಹೋಗಬೇಡಿ.

ಉತ್ತರ ಪ್ರದೇಶದ ಗಡಿ ಊರು ಸುನೌಲಿ ದಾಟಿದ ತಕ್ಷಣ ಗಾಡಿಗೆ ಭನ್ಸಾರ್ ಮಾಡಿಸಬೇಕು. ಅಂದ್ರೆ ಅಲ್ಲಿನ ಕಸ್ಟಮ್ಸ್ ಚೀಟಿ, ದಿನದ ಲೆಕ್ಕದಲ್ಲಿ ದುಡ್ಡು. ಎರಡು ದಿನ ಜಾಸ್ತಿನೇ ಬರೆಸಿ, ಅವಧಿ ಮೀರಿದರೆ ದಂಡ ಬೀಳುತ್ತೆ. ಆರ್‌ಸಿ, ಡಿಎಲ್ ಒರಿಜಿನಲ್ಲೇ ಇರಲಿ. ನಮಗೆ ವೀಸಾ ಬೇಡ, ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಸಾಕು. ಇನ್ಶೂರೆನ್ಸ್ ಮಾತ್ರ ಮೈಸೂರಲ್ಲೇ ನೋಡಿಕೊಳ್ಳಿ. ನೇಪಾಳಕ್ಕೂ ಅನ್ವಯಿಸಬೇಕು ಅಂದ್ರೆ ಸ್ವಲ್ಪ ಹೆಚ್ಚಿಗೆ ಪ್ರೀಮಿಯಂ ಕಟ್ಟಿ ಪಾಲಿಸಿಯಲ್ಲಿ ಸೇರಿಸಬೇಕು.

ಈಗ ನಾಯಿ ವಿಷಯ. ಹೋದ ಸಲ ಮದ್ದೂರಲ್ಲಿ ತಿಂಡಿಗೆ ನಿಲ್ಲಿಸಿದಾಗ ನಮ್ಮ ಕರಿಯನ ಲಸಿಕೆ ಪುಸ್ತಕದ ಮೇಲೆ ಚಟ್ನಿ ಚೆಲ್ಲಿ, ಸರಿಯಾಗಿ ರೇಬಿಸ್ ಲಸಿಕೆಯ ತಾರೀಖೇ ಅಳಿಸಿಹೋಗಿತ್ತು. ಗಡಿಯಲ್ಲಿ ಆ ಹಾಳೆಯನ್ನು ಬಿಸಿಲಿಗೆ ಹಿಡಿದು ತೋರಿಸುತ್ತಾ ನಿಂತಿದ್ದೆ, ಅಷ್ಟರಲ್ಲಿ ಅವನು ಕಿಟಕಿಗೆ ಮೂತಿ ಒತ್ತಿ ಗಾಜೆಲ್ಲ ಜೊಲ್ಲು ಮಾಡಿಟ್ಟಿದ್ದ. ಅದಕ್ಕೇ ಹೇಳ್ತೀನಿ, ಪುಸ್ತಕ ಪ್ಲಾಸ್ಟಿಕ್ ಕವರಲ್ಲಿ ಇಡಿ, ಒಂದೆರಡು ಜೆರಾಕ್ಸ್ ಬೇರೆ ಇರಲಿ. ಲಸಿಕೆ ಕೊನೇ ಗಳಿಗೆಗೆ ಬಿಡಬೇಡಿ, ಒಂದು ತಿಂಗಳು ಮುಂಚೆಯೇ ಹಾಕಿಸಿ. ಹೊರಡುವ ವಾರ ಪಶುವೈದ್ಯರ ಹತ್ತಿರ ಆರೋಗ್ಯ ಪತ್ರವೂ ಬರೆಸಿಕೊಳ್ಳಿ. ಅದರಲ್ಲಿ ಬಣ್ಣ, ತಳಿ, ವಯಸ್ಸು ಇರಲಿ. ವಾಪಸ್ ಬರುವಾಗಲೂ ಕೇಳಬಹುದು, ಎಸೆಯಬೇಡಿ.

ಆ ಕಡೆ ಗಡಿಯಾರ 15 ನಿಮಿಷ ಮುಂದೆ, ನೆನಪಿರಲಿ.

ಭಾನುವಾರ ಬೆಳಗ್ಗೆ 7ಕ್ಕೆ ಲಲಿತಮಹಲ್ ಹತ್ತಿರ ಗಾಡಿ ತನ್ನಿ, ಗ್ಯಾಸ್ ಪೈಪು ಒಂದು ಸಲ ನೋಡಿಬಿಡೋಣ. ನಾಯಿಗಳನ್ನೂ ಕರ್ಕೊಂಡು ಬನ್ನಿ, ಒಂದಕ್ಕೊಂದು ಪರಿಚಯ ಆಗಲಿ.