ಮಳೆಗಾಲ ಬಿಟ್ಟು ಕಡಲಿನ ಹೂಳೆತ್ತುವಿಕೆಯ ಅಪಾಯ ಅಳೆಯಲಾಗದು

ಸಂಪಾದಕರಿಗೆ,

ಮಾನ್ಯರೇ,

ಕರಾವಳಿಯ ಬಂದರು ಯೋಜನೆಗಳ ಬಗ್ಗೆ ರಾಜ್ಯ ಮಟ್ಟದಲ್ಲಿ ಆಗಬೇಕಾದ ತೀರ್ಮಾನಗಳು ಬಹುಪಾಲು ಬೆಂಗಳೂರಿನಲ್ಲೇ ಆಗುತ್ತವೆ. ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರವೂ ಪರಿಸರ ಅನುಮತಿ ನೀಡುವ ರಾಜ್ಯ ಪ್ರಾಧಿಕಾರವೂ ಇಲ್ಲಿಂದಲೇ ಕೆಲಸ ಮಾಡುತ್ತವೆ. ಹೀಗಾಗಿ ಸಮುದ್ರ ತಳದ ಹೂಳೆತ್ತುವ ಕೆಲಸದಿಂದ ಆಗಬಹುದಾದ ಹಾನಿಯನ್ನು ಹೇಗೆ ಅಳೆಯಲಾಗುತ್ತಿದೆ ಎಂಬುದು ಈ ನಗರದ ಓದುಗರೂ ಕೇಳಬೇಕಾದ ಪ್ರಶ್ನೆ.

2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ವ್ಯಾಪ್ತಿಗೆ ಬಂದರುಗಳೂ ಅವುಗಳಿಗಾಗಿ ನಡೆಯುವ ಹೂಳೆತ್ತುವ (ಡ್ರೆಜಿಂಗ್) ಕೆಲಸವೂ ಬರುತ್ತವೆ. ಆದರೆ ವರದಿಗೆ ಬೇಕಾದ ಮೂಲ ಮಾಹಿತಿಯನ್ನು ಮಳೆಗಾಲ ಹೊರತುಪಡಿಸಿ ಒಂದೇ ಋತುವಿನಲ್ಲಿ ಸಂಗ್ರಹಿಸಿದರೆ ಸಾಕೆಂಬ ಪದ್ಧತಿ ಬೆಳೆದುಬಂದಿದೆ. ನಮ್ಮ ಪಶ್ಚಿಮ ಕರಾವಳಿಯ ಮಟ್ಟಿಗೆ ಇದು ದೊಡ್ಡ ಲೋಪ. ಶರಾವತಿ, ಅಘನಾಶಿನಿ, ಕಾಳಿ, ನೇತ್ರಾವತಿಗಳು ಘಟ್ಟದಿಂದ ಮಣ್ಣು ಹೊತ್ತು ತರುವುದು ಮಳೆಗಾಲದಲ್ಲಿ, ನದಿ ಕಡಲು ಸೇರುವ ಅಳಿವೆ ಬಾಗಿಲುಗಳು ಜಾಗ ಬದಲಿಸುವುದು ಮಳೆಗಾಲದಲ್ಲಿ, ಆಳದ ತಣ್ಣನೆಯ, ಆಮ್ಲಜನಕ ಕಡಿಮೆಯಿರುವ ನೀರು ದಡದ ಕಡೆಗೆ ಏರಿ ಬರುವುದೂ ನೈಋತ್ಯ ಮಾರುತದ ತಿಂಗಳುಗಳಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಯನ್ನು ನಿಷೇಧಿಸುವ ಸರ್ಕಾರವೇ, ಆ ನಿಷೇಧ ಯಾವ ಜೀವಿಗಳ ಸಂತಾನಾಭಿವೃದ್ಧಿಗಾಗಿ ಇದೆಯೋ ಅವುಗಳ ಸ್ಥಿತಿಯನ್ನು ಆ ಕಾಲದಲ್ಲಿ ನೋಡದ ವರದಿಯನ್ನು ಒಪ್ಪಿಕೊಳ್ಳುವುದು ಹೇಗೆ?

ಬೆಂಗಳೂರಿನವರಿಗೆ ಕೆರೆಯ ಹೂಳೆತ್ತುವುದು ಗೊತ್ತು, ಅದು ಒಳ್ಳೆಯ ಕೆಲಸವೆಂಬ ಭಾವನೆಯೂ ಇದೆ. ಆದರೆ ಕೆರೆಯಿಂದ ತೆಗೆದ ಹೂಳು ಲಾರಿಯಲ್ಲಿ ಬೇರೆಡೆ ಹೋಗುತ್ತದೆ. ಕಡಲಿನಲ್ಲಿ ಒಂದೆಡೆ ತೆಗೆದದ್ದನ್ನು ಬಹಳಷ್ಟು ಸಲ ಕಡಲಿನಲ್ಲೇ ಇನ್ನೊಂದೆಡೆ ಸುರಿಯಲಾಗುತ್ತದೆ. ಹೂಳನ್ನು ಹೀರಿ ಒಡಲಲ್ಲಿ ತುಂಬಿಕೊಳ್ಳುವ ಹಡಗು ಕೆಸರಿನ ಜೊತೆ ಅಪಾರ ನೀರನ್ನೂ ಎಳೆದುಕೊಳ್ಳುತ್ತದೆ. ಹೆಚ್ಚಾದ ನೀರನ್ನು ಹೊರಗೆ ಹರಿಯಬಿಟ್ಟಾಗ ಅದರೊಂದಿಗೆ ನವಿರಾದ ಜೇಡಿಯೂ ಹೊರಬೀಳುತ್ತದೆ. ಮರಳು ಬೇಗ ತಳ ಸೇರುತ್ತದೆ; ಜೇಡಿಯ ಕಣಗಳು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ತೇಲುತ್ತ ಪ್ರವಾಹದೊಂದಿಗೆ ದೂರ ಸಾಗುತ್ತವೆ. ಭಾರ ಲೋಹಗಳೂ ಹಡಗುಗಳ ಹಳೆಯ ಬಣ್ಣದ ವಿಷವೂ ಅಂಟಿಕೊಂಡಿರುವುದು ಮುಖ್ಯವಾಗಿ ಈ ನವಿರು ಕಣಗಳಿಗೇ. ಹಡಗಿನ ತಳಕ್ಕೆ ಬಳಿಯುತ್ತಿದ್ದ ಟ್ರೈಬ್ಯುಟೈಲ್‌ಟಿನ್ ಎಂಬ ರಾಸಾಯನಿಕವನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ರೂಪುಗೊಂಡು 2008ರಲ್ಲಿ ಜಾರಿಗೆ ಬಂತು. ಆದರೂ ಅದು ಬಂದರುಗಳ ಕೆಸರಿನಲ್ಲಿ ಬಹುಕಾಲ ಉಳಿಯುತ್ತದೆ. ಲೀಟರ್ ನೀರಿನಲ್ಲಿ ಕೆಲವೇ ನ್ಯಾನೊಗ್ರಾಂ ಇದ್ದರೂ ಕೆಲವು ಜಾತಿಯ ಹೆಣ್ಣು ಬಸವನಹುಳುಗಳಲ್ಲಿ ಗಂಡಿನ ಅಂಗ ಬೆಳೆದು ಸಂತಾನವೇ ನಿಂತುಹೋಗುತ್ತದೆ. ಆದ್ದರಿಂದ ಕೆಸರನ್ನು ಕದಡುವ ಮೊದಲು ಅದರಲ್ಲಿ ಏನಿದೆ ಎಂದು ಪದರ ಪದರವಾಗಿ ಪರೀಕ್ಷಿಸಲೇಬೇಕು. ಮೇಲಿನ ಒಂದೆರಡು ಮಾದರಿಗಳಿಂದ ಆಳದ ಹೂಳಿನ ಗುಣ ತಿಳಿಯುವುದಿಲ್ಲ.

ತಳದ ಜೀವಿಗಳ ವಿಷಯದಲ್ಲಂತೂ ವರದಿಗಳ ಧಾಟಿ ನನಗೆ ನೋವು ತರುತ್ತದೆ. ಅಳಿವೆಯ ಕೆಸರನ್ನು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಗೆ ಹಾಕಿ, ನೀರು ಹೊಯ್ದು ಸೋಸಿ, ಉಳಿದದ್ದನ್ನು ರೋಸ್ ಬೆಂಗಾಲ್ ಎಂಬ ಬಣ್ಣ ಬೆರೆಸಿದ, ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರಾವಣದಲ್ಲಿಟ್ಟರೆ ಜೀವವಿದ್ದದ್ದೆಲ್ಲ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕೂದಲೆಳೆಯಂಥ ಹುಳುಗಳು, ಎಳೆಯ ಬಳಚುಗಳು (ಚಿಪ್ಪುಜೀವಿಗಳು), ಬರಿಗಣ್ಣಿಗೆ ಕಷ್ಟದಿಂದ ಕಾಣುವ ಸಿಗಡಿಯ ದೂರದ ಬಂಧುಗಳು ಒಂದೊಂದಾಗಿ ಬೇರ್ಪಡುತ್ತವೆ. ಕಾಣೆ, ನಂಗು ಮೀನುಗಳೂ ಏಡಿಗಳೂ ಬದುಕುವುದು ಇವನ್ನು ತಿಂದು. ಇಂಥ ತಳವನ್ನು ಕೆರೆದು ತೆಗೆದ ಮೇಲೆ ‘ಕೆಲವು ತಿಂಗಳಲ್ಲಿ ಜೀವಿಗಳು ಮರಳುತ್ತವೆ’ ಎಂದು ಬರೆಯುವುದು ಸುಲಭ. ಆ ಮಾತು ಒಮ್ಮೆ ಮಾತ್ರ ಕೆರೆದ ತಳಕ್ಕೆ ಕೆಲಮಟ್ಟಿಗೆ ನಿಜವಿರಬಹುದು. ಪ್ರತಿ ಮಳೆಗಾಲದಲ್ಲಿ ಹೂಳು ತುಂಬುವ ಕಾಲುವೆಯನ್ನು ಪ್ರತಿ ವರ್ಷವೂ ಕೆರೆಯುತ್ತಿದ್ದರೆ ಮರಳುವುದಕ್ಕೆ ಕಾಲವೇ ಸಿಗುವುದಿಲ್ಲ. ಹೀಗಿದ್ದೂ, ಮೂಲ ಯೋಜನೆಯಲ್ಲಿ ಸೇರಿಸಿ ಅನುಮತಿ ಪಡೆದಿದ್ದರೆ ನಿರ್ವಹಣಾ ಹೂಳೆತ್ತುವಿಕೆಗೆ ಮತ್ತೆ ಅನುಮತಿ ಬೇಕಿಲ್ಲ.

ಹೂಳೆತ್ತುವುದೇ ಬೇಡ ಎಂಬುದು ನನ್ನ ವಾದವಲ್ಲ. ಅಳಿವೆಯಲ್ಲಿ ಹೂಳು ತುಂಬಿ ದೋಣಿಗಳು ಮಗುಚಿ ಜೀವ ಹೋಗುತ್ತಿರುವಾಗ ಮೀನುಗಾರರೇ ಹೂಳು ತೆಗೆಸಿಕೊಡಿ ಎಂದು ಬೇಡುತ್ತಾರೆ. ಆ ಬೇಡಿಕೆ ನ್ಯಾಯವಾದದ್ದು. ನಾಡದೋಣಿಗೆ ಬೇಕಾದ ದಾರಿಗೂ ದೊಡ್ಡ ಹಡಗಿಗೆ ಬೇಕಾದ ಆಳಕ್ಕೂ ಬಹಳ ಅಂತರವಿದೆ ಎಂಬುದನ್ನಷ್ಟೇ ಮರೆಯಬಾರದು. ಅಳಿವೆಯನ್ನು ಆಳ ಮಾಡಿದಷ್ಟೂ ಭರತದ ಉಪ್ಪುನೀರು ಒಳಗೆ ಸಾಗುತ್ತದೆ. ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಎನಿಸಿತು. ಅಲ್ಲಿನ ಗಜನಿ ಗದ್ದೆಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಬೆಳೆಯುವ ಕಗ್ಗ ಭತ್ತ ಉಪ್ಪನ್ನು ಒಂದು ಮಿತಿಯವರೆಗೆ ತಾಳಿಕೊಳ್ಳುತ್ತದೆ, ದಡದ ಬಾವಿಗಳು ತಾಳಿಕೊಳ್ಳುವುದಿಲ್ಲ. ಇಳಿತದ ಹೊತ್ತಿಗೆ ಬಳಚು ಹೆಕ್ಕಿ ಸಂಸಾರ ನಡೆಸುವ ಹೆಂಗಸರಿಗೆ ಈ ಲೆಕ್ಕ ಯಾವ ವರದಿಯಲ್ಲಿದೆ ಎಂದು ಕೇಳುವ ಹಕ್ಕಿದೆ.

ಮಳೆಗಾಲವೂ ಸೇರಿದಂತೆ ಇಡೀ ವರ್ಷದ ಮಾಹಿತಿಯಿಲ್ಲದ ವರದಿಯನ್ನು ಪ್ರಾಧಿಕಾರಗಳು ಹಿಂದಿರುಗಿಸಬೇಕು. ಹೂಳು ತೆಗೆಯುವ ಜಾಗ, ಸುರಿಯುವ ಜಾಗ, ಎರಡಕ್ಕೂ ಸಂಬಂಧವಿಲ್ಲದ ಹೋಲಿಕೆಯ ಜಾಗ, ಈ ಮೂರರಲ್ಲೂ ಕೆಲಸದ ಮೊದಲು ಮತ್ತು ನಂತರದ ವರ್ಷಗಳಲ್ಲಿ ತಳದ ಜೀವಿಗಳ ಗಣತಿ ನಡೆಯಬೇಕು. ನೀರಿನ ಕದಡಿಕೆ ಯಾವ ಮಟ್ಟ ಮುಟ್ಟಿದರೆ ಯಂತ್ರ ನಿಲ್ಲಿಸಬೇಕೆಂಬುದನ್ನು ಅನುಮತಿ ಪತ್ರದಲ್ಲೇ ನಮೂದಿಸಬೇಕು. ಇನ್ನು ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಸಿಗುತ್ತದಾದರೂ ಸ್ಥಳೀಯ ಭಾಷೆಯಲ್ಲಿ ಕಡ್ಡಾಯವಾಗಿರುವುದು ವರದಿಯ ಸಾರಾಂಶ ಮಾತ್ರ. ಕೆಸರಿನ ಪರೀಕ್ಷೆಯ ಫಲಿತಾಂಶವೂ ಉಪ್ಪುನೀರಿನ ಅಂದಾಜೂ ಇರುವ ಅಧ್ಯಾಯಗಳನ್ನು ಪೂರ್ತಿಯಾಗಿ ಕನ್ನಡದಲ್ಲಿ ಅಚ್ಚು ಹಾಕಿಸಿ, ಸಭೆಗೆ ಮೊದಲೇ ಆಯಾ ಗ್ರಾಮ ಪಂಚಾಯಿತಿಗಳಿಗೂ ಮೀನುಗಾರರ ಸಹಕಾರ ಸಂಘಗಳಿಗೂ ತಲುಪಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಸರ್ಕಾರವನ್ನು ಕೋರುತ್ತೇನೆ.

– ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕಿ, ಮಲ್ಲೇಶ್ವರ, ಬೆಂಗಳೂರು