ಮಗಳಿಗೊಂದು ಪತ್ರ: ಮೂರು ಸ್ಕೂಟರ್, ಎರಡು ಜಾಗ

ಮಲ್ಲೇಶ್ವರಂ, ಬೆಂಗಳೂರು

ಪುಟ್ಟೀ,

ಈ ಸೆಮಿಸ್ಟರ್‌ಗೆ ಆಟೊಮೇಟೆಡ್ ರೀಸನಿಂಗ್ ತಗೊಂಡಿದ್ದೀಯಲ್ಲ, ಸಾಲ್ವರ್ (ಕೊಟ್ಟ ಷರತ್ತುಗಳೆಲ್ಲ ಒಟ್ಟಿಗೆ ನಿಜವಾಗಬಲ್ಲವೇ ಅಂತ ಹುಡುಕುವ ಪ್ರೋಗ್ರಾಂ) ಇನ್‌ಸ್ಟಾಲ್ ಮಾಡೋಕೆ ಮುಂಚೆ ಒಂದು ಲೆಕ್ಕ ಪೆನ್ಸಿಲ್ ಹಿಡಿದು ಮಾಡು. ನಮ್ಮ ಕಟ್ಟಡದ ಪಾರ್ಕಿಂಗ್ ಲೆಕ್ಕವೇ ಆಗಲಿ: ಸ್ಕೂಟರ್ ಮೂರು, ಜಾಗ ಎರಡು, ಒಂದು ಜಾಗಕ್ಕೆ ಒಂದೇ ಗಾಡಿ. ಮೂರೂ ನಿಲ್ಲಬಹುದೇ?

ನಿಜವೋ ಸುಳ್ಳೋ ಆಗಬಹುದಾದ ಒಂದೊಂದು ಮಾತಿಗೂ ಒಂದು ಸಂಖ್ಯೆ ಕೊಡು: ‘ಮೊದಲ ಗಾಡಿ ಎಡಕ್ಕೆ’ ಅನ್ನುವುದಕ್ಕೆ 1, ಬಲಕ್ಕಾದರೆ 2. ಎರಡನೆಯದಕ್ಕೆ 3, 4. ಮೂರನೆಯದಕ್ಕೆ 5, 6. ಒಂದು ಸಾಲಿನಲ್ಲಿ ಒಂದಾದರೂ ನಿಜವಾಗಬೇಕು; ಮೈನಸ್ ಅಂದರೆ ‘ಅಲ್ಲ’, ಸೊನ್ನೆ ಅಂದರೆ ಸಾಲು ಮುಗಿಯಿತು. ಪ್ರತಿ ಗಾಡಿಗೂ ಎಲ್ಲಾದರೂ ಜಾಗ ಬೇಕು: ‘1 2 0’, ‘3 4 0’, ‘5 6 0’. ಎಡಗಡೆ ಎರಡು ಗಾಡಿ ಕೂಡದು: ‘-1 -3 0’, ‘-1 -5 0’, ‘-3 -5 0’. ಬಲಗಡೆಗೂ ಹೀಗೇ ಮೂರು. ಫೈಲಿನ ತಲೆಸಾಲು ‘ಪಿ ಸಿಎನ್‌ಎಫ್ 6 9’: ಆರು ವೇರಿಯಬಲ್ (ಆ ಸಂಖ್ಯೆಗಳು), ಒಂಬತ್ತು ಕ್ಲಾಝ್ (ಷರತ್ತಿನ ಸಾಲುಗಳು). ಕೊನೆಯ ಸೊನ್ನೆ ಮರೆತೆಯೋ, ಎರಡು ಸಾಲು ಅಂಟಿಕೊಂಡು ಒಂದೇ ಕ್ಲಾಝ್ ಆಗುತ್ತದೆ. ಮಿನಿಸ್ಯಾಟ್ ಅನ್ನುವ ಸಾಲ್ವರ್ ‘ಎಣಿಕೆ ತಾಳೆಯಾಗಲಿಲ್ಲ’ ಅಂತ ಗೊಣಗಿ ಮುಂದೆ ಹೋಗಿಬಿಡುತ್ತದೆ.

ಈಗ 1 ನಿಜ ಅಂದುಕೋ. 3, 5 ಸುಳ್ಳಾಗಲೇಬೇಕು. ಹಾಗಾದರೆ 4, 6 ನಿಜ. ‘-4 -6’ ಅದಕ್ಕೆ ಒಪ್ಪುವುದಿಲ್ಲ. 1962ರ ಡಿಪಿಎಲ್‌ಎಲ್ ಅನ್ನುವ ಹುಡುಕಾಟದ ವಿಧಾನ ಆಗಿದ್ದರೆ ಇಲ್ಲಿಂದ ಹಿಂದೆ ಸರಿದು ಇನ್ನೊಂದು ದಾರಿ ಹಿಡಿಯುತ್ತಿತ್ತು. 1990ರ ದಶಕದಲ್ಲಿ ಬಂದ, ಈ ತಪ್ಪಿನಿಂದ ಹೊಸ ಕ್ಲಾಝ್ ಕಲಿಯುವ ಸಿಡಿಸಿಎಲ್ ವಿಧಾನ ಜಗಳದ ಮೂಲ ಕೆದಕುತ್ತದೆ. ‘-4 -6’ಕ್ಕೆ ‘5 6’ ಕೂಡಿಸು, ಎದುರುಬದುರಾದ 6, -6 ಬಿದ್ದುಹೋಗಿ ‘-4 5’ ಉಳಿಯಿತು. ಅದಕ್ಕೆ ‘3 4’ ಕೂಡಿಸಿದರೆ ‘3 5’. ‘-1 -5’ ಕೂಡಿಸಿದರೆ ‘-1 3’. ಕೊನೆಗೆ ‘-1 -3’ ಕೂಡಿಸಿದರೆ ಬರೀ ‘-1’. ಸಾಲ್ವರ್ ಕಲಿತದ್ದು ಇದು: ಮೊದಲ ಗಾಡಿ ಎಡಕ್ಕೆ ನಿಲ್ಲಲಾರದು. ಬಲಕ್ಕೆ ಕಳಿಸಿದರೆ ಈ ಸಲ ‘-3 -5’ ಮುರಿಯುತ್ತದೆ. ಅನ್‌ಸ್ಯಾಟ್, ಅಂದರೆ ಎಲ್ಲ ಸಾಲೂ ಒಟ್ಟಿಗೆ ನಿಜವಾಗುವ ದಾರಿಯೇ ಇಲ್ಲ.

ಇದನ್ನೇ 11 ಗಾಡಿ, 10 ಜಾಗಕ್ಕೆ ಬೆಳೆಸು: 110 ವೇರಿಯಬಲ್, 561 ಕ್ಲಾಝ್. ಪುಟಾಣಿ ಫೈಲ್, ಉತ್ತರ ಮೂರನೇ ಕ್ಲಾಸಿನ ಮಗುವಿಗೂ ಗೊತ್ತು. ಆದರೂ ಒಂದೊಂದು ಗಾಡಿ ಹೆಚ್ಚಿದ ಹಾಗೆಲ್ಲ ಸಾಲ್ವರ್ ಏದುಸಿರು ಬಿಡುತ್ತದೆ. ಮೇಲೆ ಮಾಡಿದ ಕೂಡಿಸಾಟಕ್ಕೆ ರೆಸಲ್ಯೂಷನ್ ಅಂತ ಹೆಸರು, ಅದಕ್ಕೆ ಎಣಿಸೋಕೆ ಬರುವುದಿಲ್ಲ. ಈ ಲೆಕ್ಕಕ್ಕೆ ರೆಸಲ್ಯೂಷನ್ ಪ್ರೂಫ್ ಘಾತೀಯವಾಗಿ ಉದ್ದವಾಗಲೇಬೇಕೆಂದು ಸಂಶೋಧಕ ಆರ್ಮಿನ್ ಹಾಕೆನ್ 1985ರಲ್ಲೇ ಸಾಧಿಸಿದ್ದಾರೆ. ಆದ್ದರಿಂದ ಲ್ಯಾಪ್‌ಟಾಪ್ ಮೇಲೆ ಸಿಟ್ಟಾಗಬೇಡ, ರ್‍ಯಾಮ್ ಹಾಕಿಸಿದರೂ ಬಗೆಹರಿಯದು. ಗಾಡಿಗಳು ಒಂದರಂತೆ ಇನ್ನೊಂದು ಇರುವುದರಿಂದ ‘ಮೊದಲನೆಯದು ಮೊದಲ ಜಾಗಕ್ಕೇ’ ಅನ್ನುವಂಥ ಕ್ಲಾಝ್ ನೀನೇ ಸೇರಿಸಿ ಹುಡುಕಾಟ ತಗ್ಗಿಸು.

ಸೂತ್ರವನ್ನು ಸಿಎನ್‌ಎಫ್‌ಗೆ, ಅಂದರೆ ಮೇಲಿನಂಥ ಕ್ಲಾಝ್‌ಗಳ ಪಟ್ಟಿಗೆ, ತರುವಾಗ ಬೀಜಗಣಿತದ ಹಾಗೆ ಬಿಡಿಸುತ್ತಾ ಕೂರಬೇಡ. ‘ಎ ಮತ್ತು ಬಿ’ಯಂಥ 20 ಜೋಡಿಗಳನ್ನು ‘ಅಥವಾ’ದಿಂದ ಪೋಣಿಸಿದ್ದರೆ 10,48,576 ಕ್ಲಾಝ್ ಆಗುತ್ತವೆ. ಸೈಟಿನ್ ವಿಧಾನದಲ್ಲಿ ಜೋಡಿಗೊಂದು ಹೊಸ ವೇರಿಯಬಲ್ ಕೊಟ್ಟರೆ 61ಕ್ಕೆ ಮುಗಿಯಿತು.

ಸಂಖ್ಯೆಗಳ ಲೆಕ್ಕವನ್ನೂ ಬಲ್ಲ ಜ಼ೀ3 ಸಾಲ್ವರ್ ಬಳಸುವಾಗ ಇನ್ನೊಂದು ಗುಂಡಿ ಇದೆ. ಸಿ ಪ್ರೋಗ್ರಾಮಿನ ಇಂಟ್ ಅನ್ನು ಜ಼ೀ3ಯ ಇಂಟ್ (ಮಿತಿಯೇ ಇಲ್ಲದ ಪೂರ್ಣಾಂಕ) ಅಂತಲೇ ಬರೆದರೆ ‘ಎಕ್ಸ್‌ಗೆ 1 ಕೂಡಿಸಿದರೆ ಎಕ್ಸ್‌ಗಿಂತ ದೊಡ್ಡದು’ ಅನ್ನುವುದು ಯಾವಾಗಲೂ ನಿಜ. 32 ಬಿಟ್‌ನ ಬಿಟ್‌ವೆಕ್ಟರ್ (ಇಷ್ಟೇ ಬಿಟ್ ಅಂತ ಮಿತಿಯಿರುವ ಸಂಖ್ಯೆ) ಮಾಡು, ಅದರ ಗರಿಷ್ಠವಾದ 2147483647ರಲ್ಲಿ ಸುಳ್ಳಾಗುತ್ತದೆ. ಹೆಸರು ಒಂದೇ, ಸಂಖ್ಯೆಗಳು ಬೇರೆ.

ಸ್ಕ್ರಿಪ್ಟ್ ಬರೆಯುವಾಗ ನೆನಪಿಡು: ಸ್ಯಾಟ್ (ದಾರಿ ಇದೆ) ಆದರೆ ಎಕ್ಸಿಟ್ ಕೋಡ್, ಅಂದರೆ ಸಾಲ್ವರ್ ಮುಗಿದಾಗ ಹಿಂದಿರುಗಿಸುವ ಸಂಖ್ಯೆ, 10, ಅನ್‌ಸ್ಯಾಟ್ ಆದರೆ 20. ಸೊನ್ನೆಯಲ್ಲದ್ದನ್ನೆಲ್ಲ ಸೋಲು ಅಂತ ಎಣಿಸುವ ಮೇಕ್ (ಕೆಲಸಗಳನ್ನು ಸಾಲಾಗಿ ಓಡಿಸುವ ಪ್ರೋಗ್ರಾಂ), ಸರಿಯಾದ ಉತ್ತರ ಬಂದಾಗಲೂ ಕೆಲಸ ನಿಲ್ಲಿಸುತ್ತದೆ.

ಸ್ಯಾಟ್ ಅಂದರೆ ಬೆಲೆಗಳನ್ನು ಹಾಕಿ ನೋಡಿದರೆ ಆಯಿತು. ಅನ್‌ಸ್ಯಾಟ್ ಅಂದಾಗ ಸಾಲ್ವರ್‌ನಿಂದ ಡ್ರ್ಯಾಟ್ ರೂಪದ ಪ್ರೂಫ್ ಬರೆಸಿ, ಡ್ರ್ಯಾಟ್-ಟ್ರಿಮ್ ಅನ್ನುವ ಪರೀಕ್ಷಕ ಪ್ರೋಗ್ರಾಮಿನಿಂದ ಪರೀಕ್ಷಿಸು. ಆದರೆ ಆ ಪ್ರೂಫ್ ನಿನ್ನ ಫೈಲಿಗೆ ಮಾತ್ರ ಸಾಕ್ಷಿ, ಪಾರ್ಕಿಂಗ್‌ಗಲ್ಲ. ‘5 6 0’ ಸಾಲು ಅಳಿಸಿ, ತಲೆಸಾಲಿನ 9ನ್ನು 8 ಮಾಡಿ ಮತ್ತೆ ಓಡಿಸು. ಮೂರನೇ ಗಾಡಿಗೆ ಜಾಗ ಬೇಡವಾದಾಗ ಸ್ಯಾಟ್ ಬರಲೇಬೇಕು. ಆಗಲೂ ಅನ್‌ಸ್ಯಾಟ್ ಬಂದರೆ ನೀನು ಎಲ್ಲೋ ಮೈನಸ್ ಚಿಹ್ನೆ ತಪ್ಪಾಗಿ ಹಾಕಿದ್ದೀಯ.

ಶನಿವಾರ ಬರುವಾಗ ಆ ಎರಡೂ ಫೈಲ್ ತಾ, ಒಟ್ಟಿಗೆ ನೋಡೋಣ.

ಅಮ್ಮ