ದಂಡ ಹಾಕಿ, ಡ್ರಮ್ಮಿಗೆ ಮುಚ್ಚಳವನ್ನೂ ಕೊಡಿ

ಮಾನ್ಯರೇ,

ಸೊಳ್ಳೆ ಮರಿ ಇರುವ ನೀರು ಸಿಕ್ಕರೆ ಮನೆಯವರಿಗೆ ದಂಡ ಹಾಕುವ ನಿಯಮ ನಮ್ಮ ರಾಜ್ಯದಲ್ಲಿ 2024ರ ಆಗಸ್ಟ್ ಕೊನೆಯಲ್ಲಿ ಬಂತು. ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ, ಹಳ್ಳಿಯ ಮನೆಗೆ 200 ರೂಪಾಯಿ, ಪಟ್ಟಣದ ಮನೆಗೆ 400 ಎಂದು ಗೊತ್ತು ಮಾಡಿದರು. ಅಂಗಡಿ ಹೋಟೆಲ್‌ಗಳಿಗೆ ಅದಕ್ಕಿಂತ ಜಾಸ್ತಿ, ಕಟ್ಟಡ ಏಳುತ್ತಿರುವ ಜಾಗಕ್ಕೆ ಇನ್ನೂ ಜಾಸ್ತಿ. ಈ ದಂಡದ ಮಾತು ಬಂದಾಗಲೆಲ್ಲ ನಮ್ಮ ಕೊಡಗಿನ ಸಿದ್ದಾಪುರದ ಕಡೆ ಒಂದೇ ತಕರಾರು. ನನ್ನ ಅಂಗಳ, ನನ್ನ ಡ್ರಮ್ಮು, ಸರ್ಕಾರಕ್ಕೆ ಇಲ್ಲೇನು ಕೆಲಸ ಅಂತ. ಲಾರ್ವಾ ನೋಡಲು ಮಳೆಯಲ್ಲಿ ನೆನೆದುಕೊಂಡು ಬರುವ ಆಶಾ ಕಾರ್ಯಕರ್ತೆಯರನ್ನು ಗೇಟಿನಿಂದಲೇ ವಾಪಸ್ ಕಳಿಸುವವರೂ ಇದ್ದಾರೆ. ಇದು ನನಗೆ ತುಂಬಾ ಬೇಸರ ತರಿಸುತ್ತದೆ.

ಈ ದಂಡ ಸರಿ ಎಂದೇ ನಾನು ಹೇಳುತ್ತೇನೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಬಹಳ ದೂರ ಹಾರುವುದಿಲ್ಲ, ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್ ಒಳಗೇ ಸುತ್ತುತ್ತದೆ, ಹಗಲು ಹೊತ್ತಲ್ಲೇ ಕಚ್ಚುತ್ತದೆ. ಹಾಗಾಗಿ ನನ್ನ ಡ್ರಮ್ಮಿನಲ್ಲಿ ಹುಟ್ಟಿದ ಸೊಳ್ಳೆ ಕಚ್ಚುವುದು ನನ್ನ ಮನೆಯವರನ್ನು, ಪಕ್ಕದ ಮನೆಯವರನ್ನು, ತೋಟದ ಕೆಲಸಗಾರರು ಇರುವ ಲೈನ್ ಮನೆ ಮುಂದೆ ಆಡುವ ಮಕ್ಕಳನ್ನು. ಆ ಮಗುವಿನ ತಾಯಿ ತನ್ನ ಮನೆ ಸುತ್ತ ಎಷ್ಟೇ ಚೊಕ್ಕಟವಾಗಿ ಇಟ್ಟುಕೊಂಡರೂ ನನ್ನ ಡ್ರಮ್ಮಿಗೆ ಅವಳೇನು ಮಾಡಲು ಸಾಧ್ಯ? ಡೆಂಗ್ಯೂ ವೈರಸ್‌ನಲ್ಲಿ ನಾಲ್ಕು ಬಗೆ ಇದೆ. ಒಮ್ಮೆ ಒಂದು ಬಗೆ ಬಂದು ಹೋದವರಿಗೆ ಆಮೇಲೆ ಇನ್ನೊಂದು ತಗುಲಿದರೆ ಕಾಯಿಲೆ ಜೋರಾಗುವ ಅಪಾಯ ಹೆಚ್ಚು. ವೈರಸ್ಸನ್ನೇ ಕೊಲ್ಲುವ ಔಷಧಿ ಇನ್ನೂ ಇಲ್ಲ. ನಾನು ಜಾಸ್ತಿ ಉಪ್ಪು ತಿಂದು ಬಿಪಿ ತರಿಸಿಕೊಂಡರೆ ಡಾಕ್ಟರು ಬೈಯಬಹುದು ಅಷ್ಟೇ, ದಂಡ ಹಾಕುವಂತಿಲ್ಲ, ಅದು ನನ್ನ ಮೈ. ಡ್ರಮ್ಮಿನ ವಿಷಯ ಹಾಗಲ್ಲ. ಅಲ್ಲಿ ನನ್ನ ಸ್ವಾತಂತ್ರ್ಯಕ್ಕೆ ಬೆಲೆ ಕೊಡುವವರು ಬೇರೆಯವರು.

ಅದರಲ್ಲೂ ಕಾಫಿ ತೋಟದಲ್ಲಿ ನೀರು ನಿಲ್ಲುವ ಜಾಗ ಒಂದೆರಡಲ್ಲ. ಮಳೆಗೆ ಮುಂಚೆ ಗಿಡಗಳಿಗೆ ಬೋರ್ಡೋ ಔಷಧಿ ಹೊಡೆದ ಬ್ಯಾರಲ್‌ಗಳು ಅಲ್ಲಲ್ಲೇ ಉಳಿಯುತ್ತವೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ತೊಟ್ಟಿ ಸೀಸನ್ ಮುಗಿದ ಮೇಲೆ ಯಾರಿಗೂ ನೆನಪಾಗುವುದಿಲ್ಲ. ಅಡಿಕೆ ಹಾಳೆ, ತೆಂಗಿನ ಚಿಪ್ಪು, ಕಡಿದ ಬಿದಿರಿನ ಬುಡ, ಟಾರ್ಪಾಲಿನ ಮಡಿಕೆ, ಹೋಂಸ್ಟೇಗಳ ಹೂವಿನ ಕುಂಡ. ಮಳೆ ಬಿಟ್ಟೂ ಬಿಟ್ಟೂ ಬರುವ ದಿನಗಳಲ್ಲಿ ಒಂದು ವಾರ ಹತ್ತು ದಿನ ಸಾಕು, ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ.

ಹಾಗಂತ ಆರೋಗ್ಯದ ಹೆಸರಿನಲ್ಲಿ ಮಾಡಿದ್ದೆಲ್ಲ ಸರಿ ಎಂದು ನಾನು ಒಪ್ಪುವುದಿಲ್ಲ. ಕೊರೊನಾ ಕಾಲದಲ್ಲಿ ನಾವು ಎಲ್ಲವನ್ನೂ ನೋಡಿದ್ದೇವೆ ಅಲ್ವಾ. ವಿದೇಶದಿಂದ ಬಂದವರು ಮನೆಯಲ್ಲೇ ಇರಬೇಕು ಎಂದಿದ್ದು ನ್ಯಾಯವೇ. ಅವರ ವಿಳಾಸದ ಪಟ್ಟಿಯನ್ನು ಸರ್ಕಾರವೇ ಊರಿಗೆಲ್ಲ ಕಾಣುವಂತೆ ಪ್ರಕಟಿಸಿದ್ದು ಯಾಕೆ? ಮನೆಯೊಳಗೆ ಇರುವುದರಿಂದ ರೋಗ ಹರಡುವುದು ನಿಲ್ಲುತ್ತದೆ, ವಿಳಾಸ ಬಯಲಾಗುವುದರಿಂದ ಅವಮಾನ ಬಿಟ್ಟು ಇನ್ನೇನೂ ಆಗುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೇರಳಕ್ಕೆ ಹೋಗುವ ಮಾಕುಟ್ಟದ ರಸ್ತೆಗೆ ಮಣ್ಣು ಸುರಿದರು. ಜನರ ಓಡಾಟ ತಡೆಯಲು ಚೆಕ್‌ಪೋಸ್ಟ್ ಸಾಲದೇ? ಅದೇ ದಿನಗಳಲ್ಲಿ ಗಡಿಯ ತಲಪಾಡಿಯಲ್ಲಿ ಕೇರಳದಿಂದ ಮಂಗಳೂರಿಗೆ ಹೊರಟ ರೋಗಿಗಳಿಗೂ ದಾರಿ ಬಿಡಲಿಲ್ಲ, ಅದು ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತು. ಚಿಕ್ಕ ಕ್ರಮದಲ್ಲಿ ಆಗುವ ಕೆಲಸಕ್ಕೆ ದೊಡ್ಡ ಕ್ರಮ ತೆಗೆದುಕೊಂಡರೆ ಅದು ಅನ್ಯಾಯ. ಅದರ ಪೆಟ್ಟು ಆಸ್ಪತ್ರೆ ದೂರ ಇರುವವರಿಗೇ ಮೊದಲು ಬೀಳುತ್ತದೆ.

2021ರ ಜುಲೈಯಲ್ಲಿ ಉಳಿದ ಜಿಲ್ಲೆಗಳು ತೆರೆದುಕೊಂಡಾಗಲೂ ಕೊಡಗಿನಲ್ಲಿ ನಿರ್ಬಂಧ ಮುಂದುವರಿಯಿತು. ಸೋಂಕು ಇಲ್ಲಿ ಹೆಚ್ಚಿತ್ತು, ಹಾಗಾಗಿ ಅದಕ್ಕೆ ಕಾರಣ ಇತ್ತು. ಆದರೆ ಬಾಗಿಲು ಹಾಕಿಸಿದವರು ಚಿಕ್ಕ ಅಂಗಡಿಯವನ ಬಾಡಿಗೆ ಬಗ್ಗೆ, ದಿನಗೂಲಿಯವರ ಅಕ್ಕಿ ಬಗ್ಗೆ ಅಷ್ಟೇ ಗಟ್ಟಿಯಾಗಿ ಮಾತಾಡಿದ್ದು ನನಗಂತೂ ಕೇಳಿಸಲಿಲ್ಲ. ಎಲ್ಲರ ಒಳಿತಿಗೆ ಒಬ್ಬನ ಸಂಪಾದನೆ ನಿಲ್ಲಿಸಿದರೆ ಆ ನಷ್ಟ ಎಲ್ಲರದೂ ಆಗಬೇಕು, ಅವನೊಬ್ಬನದಲ್ಲ.

ಲಸಿಕೆ ವಿಷಯದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ 2ರಂದು ಹೇಳಿದ್ದು ನನಗೆ ಸರಿ ಕಂಡಿತು. ಯಾರಿಗೂ ಬಲವಂತವಾಗಿ ಸೂಜಿ ಚುಚ್ಚುವಂತಿಲ್ಲ, ಆದರೆ ಜನರ ಆರೋಗ್ಯಕ್ಕಾಗಿ ಸರ್ಕಾರ ಮಿತಿಯಲ್ಲಿ ನಿರ್ಬಂಧ ಹಾಕಬಹುದು, ಆ ನಿರ್ಬಂಧ ಅಪಾಯಕ್ಕೆ ತಕ್ಕಷ್ಟೇ ಇರಬೇಕು.

ಇದೇ ಅಳತೆಯಲ್ಲಿ ಡೆಂಗ್ಯೂ ದಂಡವನ್ನೂ ನೋಡಬೇಕು. 200 ರೂಪಾಯಿ ತೋಟದ ಮಾಲೀಕನಿಗೆ ಏನೂ ಅಲ್ಲ, ಲೈನ್ ಮನೆಯವರಿಗೆ ಅದು ದೊಡ್ಡ ಮೊತ್ತ. ಅವರು ಡ್ರಮ್ಮಿನಲ್ಲಿ ನೀರು ತುಂಬಿಡುವುದು ಸುಮ್ನೆ ಅಲ್ಲ. ನಲ್ಲಿಯಲ್ಲಿ ದಿನಾ ನೀರು ಬರುವುದಿಲ್ಲ ಎಂದು. ನೀರು ಕೊಡದೆ, ನೀರು ಕೂಡಿಟ್ಟಿದ್ದಕ್ಕೆ ದಂಡ ಕೇಳುವುದು ಯಾವ ನ್ಯಾಯ? ಅಸ್ಸಾಂ, ಬಂಗಾಳದಿಂದ ಕೆಲಸಕ್ಕೆ ಬಂದವರಿಗಂತೂ ಕನ್ನಡದ ಕರಪತ್ರ ಓದಲು ಬರುವುದಿಲ್ಲ. ಅವರಿಗೆ ತಿಳಿಯುವ ಮಾತಲ್ಲಿ ಒಮ್ಮೆ ಕೂರಿಸಿ ಹೇಳದೆ ರಸೀದಿ ಹರಿಯಬಾರದು.

ಹಾಗಾಗಿ ಜಿಲ್ಲಾಡಳಿತ ಮತ್ತು ಪಂಚಾಯಿತಿಗಳಿಗೆ ನನ್ನ ಕೋರಿಕೆ ಇಷ್ಟು. ಮೊದಲ ಸಲ ಲಾರ್ವಾ ಸಿಕ್ಕರೆ ತೋರಿಸಿ, ಹೇಳಿ, ನೀರು ಚೆಲ್ಲಿಸಿ. ಎರಡನೇ ಸಲ ಸಿಕ್ಕರೆ ದಂಡ ಹಾಕಿ, ಮುಖ ನೋಡಿ ಬಿಡಬೇಡಿ. ಲೈನ್ ಮನೆಯ ಜಾಗ ತೋಟದ ಮಾಲೀಕರದ್ದು, ಅಲ್ಲಿನ ದಂಡ ಅವರಿಂದಲೇ ವಸೂಲಿ ಮಾಡಿ, ನನ್ನಂಥ ಸಣ್ಣ ಬೆಳೆಗಾರರೂ ಅದರಲ್ಲಿ ಸೇರಲಿ. ಬಂದ ಹಣದಲ್ಲಿ ಡ್ರಮ್ಮಿಗೆ ಮುಚ್ಚಳ, ತೊಟ್ಟಿಗೆ ಬಲೆ ಕೊಡಿ. ಈ ಮಳೆಗಾಲ ಶುರುವಾಗುವ ಮುಂಚೆಯೇ ಯಾವ ಪಂಚಾಯಿತಿಯಲ್ಲಿ ಎಷ್ಟು ದಂಡ ಬಂತು, ಅದು ಎಲ್ಲಿಗೆ ಹೋಯಿತು ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಿ.

– ಒಬ್ಬ ಕಾಫಿ ಬೆಳೆಗಾರ, ಸಿದ್ದಾಪುರ, ಕೊಡಗು